ಮಂಜುಗಡ್ಡೆಯ ಮೇಲೆ ಬಾಕಿ ವಸೂಲಿ

ಇಬ್ಬರು ಆಟಗಾರರು ಗ್ಲೌಸ್ ಕಿತ್ತೆಸೆದು, ಒಬ್ಬರ ಅಂಗಿ ಒಬ್ಬರು ಹಿಡಿದು ಮುಖಕ್ಕೆ ಗುದ್ದಿಕೊಳ್ಳುತ್ತಿದ್ದರೆ ರೆಫರಿ ಯಾಕೆ ಸುಮ್ಮನೆ ನಿಂತು ನೋಡುತ್ತಾರೆ? ಐಸ್ ಹಾಕಿಯ ಪ್ರಸ್ತಾಪ ಬಂದಾಗಲೆಲ್ಲ ಓದುಗರು ತಪ್ಪದೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹಲವರ ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದಾರೆ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ, ಮೊಮ್ಮಕ್ಕಳ ಪಕ್ಕ ಸೋಫಾದಲ್ಲಿ ಕೂತು, ಟಿ.ವಿ.ಯಲ್ಲಿ ಒಂದು ಪಂದ್ಯ ನೋಡಿ ಗಾಬರಿಯಾಗಿ ಬಂದವರು ಅವರು. ಗಾಬರಿ ಸಹಜವೇ. ಹಾಕಿ ಎಂದರೆ ಕೊಡಗು ಎಂದುಕೊಂಡು ಬೆಳೆದವರು ನಾವು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಎದುರಾಳಿಗೆ ಭುಜ ಕೊಟ್ಟು ತಳ್ಳಿದರೆ ಸಾಕು, ಅಂಪೈರ್ ಸೀಟಿ ಊದುತ್ತಾರೆ. ಅದೇ ವರ್ಷದ ಮಾರ್ಚ್ 26ರ ರಾತ್ರಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಇನ್ನೊಂದು ಬಗೆಯ ಹಾಕಿ ನಡೆಯಿತು. ಒಂದೇ ಪಂದ್ಯದಲ್ಲಿ ಒಂಬತ್ತು ಹೊಡೆದಾಟ, ಹನ್ನೊಂದು ಗೋಲು. ಇಬ್ಬರು ಗೋಲ್‌ಕೀಪರ್‌ಗಳು ತಂತಮ್ಮ ಗೋಲು ಬಿಟ್ಟು ಅಂಗಣದ ನಡುವೆ ಬಂದು ಹೊಡೆದಾಡಿದರು. ಆ ಊರಿನ ಜನ ಇವತ್ತಿಗೂ ಅದನ್ನು ತಮ್ಮ ತಂಡದ ಇತಿಹಾಸದ ದೊಡ್ಡ ರಾತ್ರಿಗಳಲ್ಲಿ ಒಂದೆಂದೇ ಎಣಿಸುತ್ತಾರೆ.

ಮೊದಲು ರೆಫರಿಯ ವಿಷಯ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಹೊಡೆದಾಟ ನಿಯಮಬಾಹಿರವೇ. ಆದರೆ ಅದಕ್ಕಿರುವ ಶಿಕ್ಷೆ ವಿಚಿತ್ರ: ಇಬ್ಬರಿಗೂ ಐದೈದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರುವ ಸಜೆ. ಎರಡೂ ಕಡೆಯಿಂದ ಒಬ್ಬೊಬ್ಬರು ಹೊರಗೆ ಹೋದರೂ ಅವರ ಜಾಗಕ್ಕೆ ಬದಲಿ ಆಟಗಾರರು ಇಳಿಯುವುದರಿಂದ ಯಾವ ತಂಡದ ಬಲವೂ ಕುಗ್ಗುವುದಿಲ್ಲ. ಅಂದರೆ ತಂಡಕ್ಕೆ ಹೊಡೆದಾಟ ಬಹುಮಟ್ಟಿಗೆ ಪುಕ್ಕಟೆ. ಲೈನ್ಸ್‌ಮನ್‌ಗಳು ತಕ್ಷಣ ನುಗ್ಗದಿರುವುದಕ್ಕೂ ಕಾರಣವಿದೆ. ಒಬ್ಬನ ಕೈ ಹಿಡಿದರೆ ಇನ್ನೊಬ್ಬನಿಗೆ ಬಿಟ್ಟಿ ಏಟು ಹಾಕಲು ದಾರಿ ಮಾಡಿಕೊಟ್ಟಂತೆ. ಕಾಲಲ್ಲಿ ಕತ್ತಿಯಂಥ ಸ್ಕೇಟ್ ಬೇರೆ. ಹಾಗಾಗಿ ಇಬ್ಬರಲ್ಲಿ ಒಬ್ಬ ಬೀಳುವ ತನಕ, ಅಥವಾ ತೋಳು ಸೋಲುವ ತನಕ, ಅವರು ಸುತ್ತ ತಿರುಗುತ್ತ ಕಾಯುತ್ತಾರೆ. ಮೂರನೆಯವನು ನಡುವೆ ನುಗ್ಗಿದರೆ ಮಾತ್ರ ಅವನನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ. ಒಲಿಂಪಿಕ್ಸ್‌ನಂಥ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಈ ಉದಾರತೆ ಇಲ್ಲ. ಗುದ್ದಾಡಿದವನು ಆವತ್ತಿನ ಮಟ್ಟಿಗೆ ಮನೆಗೆ.

ಆದರೆ ಈ ಆಟದಲ್ಲಿ ಹೆದರಿಕೆ ಹುಟ್ಟಿಸುವ ಕೆಲಸ ನಡೆಯುವುದು ಮುಷ್ಟಿಯಿಂದ ಅನ್ನುವುದು ಹೊರಗಿನವರ ಭ್ರಮೆ.

ಅಂಗಣವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲ, ಸುತ್ತಲೂ ಎದೆಮಟ್ಟದ ಗೋಡೆ, ಅದರ ಮೇಲೆ ಗಾಜು. ಚೆಂಡು ಗೆರೆ ದಾಟಿತು, ಆಟ ನಿಂತಿತು ಎನ್ನುವ ಬಿಡುವೇ ಇಲ್ಲ. ಪಕ್, ಅಂದರೆ ಚೆಂಡಿನ ಬದಲಿಗೆ ಇಲ್ಲಿ ಬಳಸುವ ರಬ್ಬರ್ ಬಿಲ್ಲೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪಕ್ ಯಾರ ಕೈಯಲ್ಲಿದೆಯೋ ಅವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಕೆಡವುವುದು ಪೂರ್ತಿ ಕಾನೂನುಬದ್ಧ. ಹಾಗೆ ಕೆಡವುವುದನ್ನು ‘ಚೆಕ್’ ಅನ್ನುತ್ತಾರೆ. ರಕ್ಷಣೆಯ ಆಟಗಾರನೊಬ್ಬ ತನ್ನ ಗೋಲಿನ ಹಿಂದಿನ ಮೂಲೆಗೆ ಪಕ್ ತರಲು ಹೋಗುತ್ತಾನೆ. ಮುಖ ಗೋಡೆಯ ಕಡೆ, ಬೆನ್ನು ಎದುರಾಳಿಗೆ. ಹಿಂದಿನಿಂದ ಸ್ಕೇಟಿನ ಸದ್ದು ಹತ್ತಿರ ಬರುತ್ತಿದೆ. ಕಳೆದ ಸಲ ಇದೇ ಜಾಗದಲ್ಲಿ ಬಿದ್ದ ಏಟು ಇನ್ನೂ ಪಕ್ಕೆಲುಬಿನಲ್ಲಿ ನೋಯುತ್ತಿದೆ. ಅವನು ಪಕ್ ಅನ್ನು ಅರ್ಧ ಸೆಕೆಂಡು ಬೇಗ ಬಿಟ್ಟುಬಿಡುತ್ತಾನೆ, ನೋಡದೆ. ಪಾಸ್ ಎದುರಾಳಿಯ ಕೋಲಿಗೆ ಹೋಗುತ್ತದೆ, ಗೋಲಾಗುತ್ತದೆ. ಟಿ.ವಿ.ಯಲ್ಲಿ ಅದು ಬರೀ ತಪ್ಪು ಪಾಸ್‌ನಂತೆ ಕಾಣುತ್ತದೆ. ಬಲಾಢ್ಯರ ತಂಡ ಇಡೀ ಸರಣಿಯುದ್ದಕ್ಕೂ ದುಡಿಯುವುದು ಈ ಅರ್ಧ ಸೆಕೆಂಡಿಗಾಗಿ. ಏಳು ಪಂದ್ಯಗಳ ಪ್ಲೇಆಫ್ ಸರಣಿಯಲ್ಲಿ ಅದೇ ಆರು ಜನ ರಕ್ಷಣೆಯವರು ಅದೇ ಮೂಲೆಗೆ ನೂರಾರು ಸಲ ಹೋಗಲೇಬೇಕು. ಮೊದಲ ಪಂದ್ಯದಲ್ಲಿ ಬಿದ್ದ ಚೆಕ್‌ನ ಫಲ ಐದನೆಯ ಪಂದ್ಯದಲ್ಲಿ ಸಿಗುವುದುಂಟು.

ತೊಂಬತ್ತರ ದಶಕದ ನಡುವೆ ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡದ ಮೇಲೆ ಇದ್ದ ಅಪವಾದವೂ ಇದೇ: ಚೆಂದ ಆಡುತ್ತಾರೆ, ಏಟು ಬಿದ್ದರೆ ಬಾಡುತ್ತಾರೆ. 1995ರಲ್ಲಿ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ನಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಅವರನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿತು. ನ್ಯೂಜೆರ್ಸಿಯ ನಾಯಕ ಸ್ಕಾಟ್ ಸ್ಟೀವನ್ಸ್ ರಷ್ಯಾದ ಹುಡುಗ ಕೊಜ್ಲೊವ್‌ನನ್ನು ಒಂದೇ ಚೆಕ್‌ಗೆ ಮಲಗಿಸಿದ ದೃಶ್ಯ ಇಂದಿಗೂ ಓಡಾಡುತ್ತಿದೆ. ಆ ವರ್ಷ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಎನಿಸಿ ಕಾನ್ ಸ್ಮೈತ್ ಪ್ರಶಸ್ತಿ ಪಡೆದವನು ಅದೇ ತಂಡದ ಕ್ಲೋಡ್ ಲೆಮ್ಯೂ. ದೊಡ್ಡ ಪಂದ್ಯ ಬಂದರೆ ಗೋಲು ಹೊಡೆಯುವ ಪ್ರತಿಭೆ, ರೆಫರಿಯ ಕಣ್ಣು ತಪ್ಪಿದರೆ ಕೋಲು, ಮೊಣಕೈ, ನಾಲಿಗೆ ಎಲ್ಲವನ್ನೂ ಬಳಸುವ ತಂಟೆಕೋರತನ, ಎರಡೂ ಒಬ್ಬನಲ್ಲೇ. 1986ರ ಫೈನಲ್‌ನಲ್ಲಿ ಎದುರಾಳಿಯ ಬೆರಳು ಕಚ್ಚಿದ ಖ್ಯಾತಿಯೂ ಇವನದೇ. ನಾಲ್ಕು ಸಲ ಕಪ್ ಗೆದ್ದ ತಂಡಗಳಲ್ಲಿದ್ದ. ಇಂಥವನು ನಮ್ಮ ಕಡೆಗಿದ್ದರೆ ಮುದ್ದು, ಎದುರಿಗಿದ್ದರೆ ಮೈಯೆಲ್ಲ ಉರಿ.

ಅದೇ ವರ್ಷ ಕೆನಡಾದ ಕ್ವಿಬೆಕ್ ನಗರದ ತಂಡ ಅಮೆರಿಕದ ಡೆನ್ವರ್‌ಗೆ ಗುಳೆ ಹೋಗಿ ಕೊಲೊರಾಡೊ ಅವಲಾಂಚ್ ಎಂದು ಹೆಸರು ಬದಲಿಸಿಕೊಂಡಿತು. ಲೆಮ್ಯೂ ಅಲ್ಲಿಗೆ ಬಂದ. ಡಿಸೆಂಬರ್‌ನಲ್ಲಿ ಪ್ಯಾಟ್ರಿಕ್ ರುವಾ ಕೂಡ ಬಂದ. ಆ ಗೋಲ್‌ಕೀಪರ್ ಬಂದದ್ದು ಡೆಟ್ರಾಯ್ಟ್‌ನ ಪುಣ್ಯದಿಂದಲೇ ಅನ್ನಬೇಕು. ರುವಾ ಆಗ ಮಾಂಟ್ರಿಯಲ್ ತಂಡದಲ್ಲಿದ್ದ. ಅಲ್ಲಿ ರೆಡ್ ವಿಂಗ್ಸ್ 11-1ರಿಂದ ಗೆದ್ದ ಪಂದ್ಯದಲ್ಲಿ ಒಂಬತ್ತು ಗೋಲು ಬಿಟ್ಟುಕೊಟ್ಟು, ಇನ್ನು ಈ ತಂಡಕ್ಕೆ ಆಡುವುದಿಲ್ಲ ಎಂದು ಹಟ ಹಿಡಿದ. ನಾಲ್ಕೇ ದಿನಕ್ಕೆ ಅವನನ್ನು ಕೊಲೊರಾಡೊಗೆ ಸಾಗಹಾಕಿದರು. ತಾನೇ ಓಡಿಸಿದವನನ್ನು ಡೆಟ್ರಾಯ್ಟ್ ಮುಂದೆ ವರ್ಷಗಟ್ಟಲೆ ಎದುರಿಸಬೇಕಾಯಿತು.

1996ರ ಮೇ 29. ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಆರನೆಯ ಪಂದ್ಯ, ಡೆನ್ವರ್‌ನಲ್ಲಿ. ಆ ಋತುವಿನಲ್ಲಿ ಡೆಟ್ರಾಯ್ಟ್ 62 ಪಂದ್ಯ ಗೆದ್ದು ಲೀಗಿನ ದಾಖಲೆ ಮುರಿದಿತ್ತು. ಆದರೂ ಸರಣಿಯಲ್ಲಿ ಹಿಂದೆ ಬಿದ್ದಿತ್ತು. ಸರಣಿ ಆಗಲೇ ಹೊಲಸಾಗಿತ್ತು. ಮೂರನೆಯ ಪಂದ್ಯದಲ್ಲಿ ಕೊಜ್ಲೊವ್ ಕೊಲೊರಾಡೊದ ಆ್ಯಡಮ್ ಫೂಟ್‌ನ ತಲೆಯನ್ನು ಗಾಜಿಗೆ ಬಡಿದಿದ್ದ, ಅದಕ್ಕೆ ಪ್ರತಿಯಾಗಿ ಲೆಮ್ಯೂ ಕೊಜ್ಲೊವ್‌ಗೆ ಗುದ್ದಿ ಒಂದು ಪಂದ್ಯದ ನಿಷೇಧ ಅನುಭವಿಸಿದ್ದ. ಆರನೆಯ ಪಂದ್ಯದಲ್ಲಿ ಡೆಟ್ರಾಯ್ಟ್‌ನ ಕ್ರಿಸ್ ಡ್ರೇಪರ್ ತನ್ನ ತಂಡದ ಬೆಂಚಿನ ಮುಂದೆ, ಗೋಡೆಯ ಪಕ್ಕ ಇದ್ದಾಗ ಲೆಮ್ಯೂ ಹಿಂದಿನಿಂದ ಬಂದು ಗುದ್ದಿದ. ಡ್ರೇಪರ್‌ನ ಮುಖ ಗೋಡೆಯ ಮೇಲಂಚಿಗೆ ಅಪ್ಪಳಿಸಿತು. ದವಡೆ, ಮೂಗು, ಕೆನ್ನೆಯ ಮೂಳೆ ಮುರಿದವು. ದವಡೆಯನ್ನು ತಂತಿ ಹಾಕಿ ಬಿಗಿಯಬೇಕಾಯಿತು. ಪಂದ್ಯವೂ ಸರಣಿಯೂ ಕೊಲೊರಾಡೊ ಪಾಲಾದವು, ಮುಂದೆ ಕಪ್ಪೂ ಅವರದೇ ಆಯಿತು. ಲೆಮ್ಯೂಗೆ ಸಿಕ್ಕ ಶಿಕ್ಷೆ ಎರಡು ಪಂದ್ಯಗಳ ನಿಷೇಧ, ಸಾವಿರ ಡಾಲರ್ ದಂಡ. ಆಟ ಮುಗಿದ ಮೇಲೆ ಸಂಪ್ರದಾಯದಂತೆ ಎರಡೂ ತಂಡದವರು ಸಾಲಾಗಿ ಕೈಕುಲುಕಿದರು. ಡೆಟ್ರಾಯ್ಟ್‌ನ ಡಿನೊ ಸಿಸರೆಲಿ ಲೆಮ್ಯೂನ ಕೈಯನ್ನೂ ಕುಲುಕಿದ್ದ. ಒಳಗೆ ಬಂದು ಡ್ರೇಪರ್‌ನ ಮುಖ ನೋಡಿದ ಮೇಲೆ, ಅಂಥವನ ಕೈ ಕುಲುಕಿದೆನಲ್ಲ ಎಂದು ಪತ್ರಕರ್ತರ ಮುಂದೆ ಹಲುಬಿದ.

ಇಲ್ಲಿಂದ ಮುಂದಿನದೆಲ್ಲ ಸಾಲದ ಲೆಕ್ಕ. ಲೀಗ್ ಕೊಟ್ಟ ಶಿಕ್ಷೆ ಸಾಲದು ಎಂದು ಒಂದು ಇಡೀ ಊರು ತೀರ್ಮಾನಿಸಿದಾಗ ಉಳಿದ ಬಾಕಿಯನ್ನು ಆಟಗಾರರೇ ವಸೂಲು ಮಾಡಬೇಕು ಎನ್ನುವುದು ಈ ಆಟದ ಬರೆಯದ ಕಾನೂನು. ಇದಕ್ಕೆ ಅಡ್ಡಿಯಾಗಿ ಬರೆದ ಕಾನೂನೂ ಇದೆ: ಜಗಳ ಕೆಣಕಿದವನಿಗೆ ಹೆಚ್ಚುವರಿ ಪೆನಾಲ್ಟಿ. 1992ರಲ್ಲಿ ಅದನ್ನು ಬಿಗಿ ಮಾಡಿದಾಗಿನಿಂದ ಹಳೆಯ ಕಾಲದ ‘ಎನ್‌ಫೋರ್ಸರ್’ಗಳು, ಅಂದರೆ ತಂಡದ ತಾರೆಗಳಿಗೆ ಕಾವಲಿರುವ ಜಟ್ಟಿಗಳು, ತಮ್ಮ ಕೈ ಕಟ್ಟಿಹಾಕಿದರು ಎಂದು ಗೊಣಗುತ್ತಲೇ ಬಂದಿದ್ದಾರೆ. ಹೊಡೆತದ ಭಯ ಹೋದ ಮೇಲೆ ಲೆಮ್ಯೂನಂಥವರು ಹೆಚ್ಚಿದರು ಎನ್ನುವುದು ಅವರ ವಾದ. ಪೂರ್ತಿ ಸುಳ್ಳಲ್ಲ. ಆದರೆ ಹೊಡೆತದ ಭಯ ದಂಡಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಫಿಲಡೆಲ್ಫಿಯಾದಂಥ ತಂಡಗಳು ಎಷ್ಟು ಸಾಧುವಾಗಿದ್ದವು ಎಂದು ಕೇಳಿದರೆ ಅವರು ಮಾತು ಬದಲಿಸುತ್ತಾರೆ.

ಡೆಟ್ರಾಯ್ಟ್ ಹತ್ತು ತಿಂಗಳು ಕಾಯಿತು. ಕಾಯುತ್ತಲೇ ಮೈ ಗಟ್ಟಿ ಮಾಡಿಕೊಂಡಿತು. ಗೋಲೂ ಹೊಡೆಯುವ, ಮುಷ್ಟಿಯೂ ಎತ್ತುವ ಬ್ರೆಂಡನ್ ಶನಹನ್‌ನನ್ನು ಕೊಂಡುತಂದಿತು. ಹವ್ಯಾಸಿಗಳ ಜೊತೆ ಆಡಿಕೊಂಡಿದ್ದ ಹಳೆಯ ಜಟ್ಟಿ ಜೋ ಕೋಸರ್‌ನನ್ನು ವಾಪಸ್ ಕರೆಸಿತು. ಆ ಋತುವಿನಲ್ಲಿ ಕೊಲೊರಾಡೊ ವಿರುದ್ಧದ ಮೊದಲ ಮೂರೂ ಪಂದ್ಯಗಳಲ್ಲಿ ಸೋತಿತು. ಲೆಮ್ಯೂ ಗಾಯದಿಂದಾಗಿ ಅವುಗಳಲ್ಲಿ ಹೆಚ್ಚಿನವಕ್ಕೆ ಇಳಿದಿರಲೇ ಇಲ್ಲ. ಉಳಿದದ್ದು ಕೊನೆಯದು, ಮಾರ್ಚ್ 26ರಂದು ತವರಿನ ಜೋ ಲೂಯಿಸ್ ಅರೀನಾದಲ್ಲಿ.

ಆ ರಾತ್ರಿ ಕಿಡಿ ಹೊತ್ತಿಸಿದವರು ಇಬ್ಬರು ಕಲಾವಿದರು ಎನ್ನುವುದೇ ತಮಾಷೆ. ಮೊದಲ ಅವಧಿ ಮುಗಿಯಲು ಎರಡು ನಿಮಿಷವೂ ಇಲ್ಲದಾಗ, ಚೆಸ್ ಆಡುವವನಂತೆ ಕಾಣುವ ಡೆಟ್ರಾಯ್ಟ್‌ನ ಇಗೋರ್ ಲಾರಿಯಾನೊವ್ ಮತ್ತು ಕೊಲೊರಾಡೊಗೆ ಆಡುತ್ತಿದ್ದ ಸ್ವೀಡನ್‌ನ ಪೀಟರ್ ಫೋರ್ಸ್‌ಬರ್ಗ್ ತೆಕ್ಕೆ ಬಿದ್ದರು. ಎಲ್ಲರ ಕಣ್ಣೂ ಅತ್ತ ಹೋದಾಗ ಡೆಟ್ರಾಯ್ಟ್‌ನ ಡ್ಯಾರೆನ್ ಮೆಕಾರ್ಟಿ ಲೆಮ್ಯೂನನ್ನು ಹುಡುಕಿ ಹೊಡೆದ. ಲೆಮ್ಯೂ ಆಮೆಯಂತೆ ಮುದುಡಿ ಕೂತ, ತಲೆ ಮುಚ್ಚಿಕೊಂಡ. ಮೆಕಾರ್ಟಿ ಬಿಡಲಿಲ್ಲ. ಗುದ್ದಿ, ಗೋಡೆಯವರೆಗೆ ಎಳೆದೊಯ್ದು, ಡ್ರೇಪರ್ ಕೂತಿದ್ದ ಬೆಂಚಿನ ಬಳಿ ಮೊಣಕಾಲಿನಿಂದಲೂ ಕೊಟ್ಟ. ನೆರವಿಗೆಂದು ಗೋಲು ಬಿಟ್ಟು ಓಡಿಬಂದ ರುವಾನನ್ನು ಶನಹನ್ ಗಾಳಿಯಲ್ಲೇ ಡಿಕ್ಕಿ ಹೊಡೆದು ನಿಲ್ಲಿಸಿದ. ಆಮೇಲೆ ಡೆಟ್ರಾಯ್ಟ್‌ನ ಗೋಲ್‌ಕೀಪರ್ ಮೈಕ್ ವರ್ನನ್, ರುವಾಗಿಂತ ಗಿಡ್ಡ ಮನುಷ್ಯ, ಅವನೊಡನೆ ಸೆಣಸಿ ಮುಖದಲ್ಲಿ ರಕ್ತ ಬರಿಸಿದ.

ಮೆಕಾರ್ಟಿಯನ್ನು ಪಂದ್ಯದಿಂದ ಹೊರಗೆ ಹಾಕಬೇಕಿತ್ತು. ರೆಫರಿ ಕೊಟ್ಟದ್ದು ನಾಲ್ಕು ನಿಮಿಷ. ಯಾಕೆ ಎಂದು ಡೆನ್ವರ್‌ನವರು ಈಗಲೂ ಕೇಳುತ್ತಾರೆ. ಉಳಿದುಕೊಂಡ ಮೆಕಾರ್ಟಿ ಏನು ಮಾಡಿದ? ಮೂರನೆಯ ಅವಧಿಯಲ್ಲಿ 5-3ರಿಂದ ಹಿಂದಿದ್ದ ಡೆಟ್ರಾಯ್ಟ್ ಸಮ ಮಾಡಿಕೊಂಡು ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಶುರುವಾಗಿ 39 ಸೆಕೆಂಡಿಗೆ ಗೆಲುವಿನ ಗೋಲು ಹೊಡೆದವನು ಅವನೇ. 6-5. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ನಂಬಿಕೆಗೆ ದೂರ ಎಂದು ವಾಪಸ್ ಕಳಿಸುತ್ತಿದ್ದರು.

ಆ ಗೆಲುವಿಗೆ ಮುಷ್ಟಿಯೇ ಕಾರಣ ಎಂದು ಡೆಟ್ರಾಯ್ಟ್ ನಂಬುತ್ತದೆ. ಆ ರಾತ್ರಿ ತಂಡ ಒಗ್ಗಟ್ಟಾಯಿತು, ಹೆದರಿಕೆ ಬಿಟ್ಟಿತು, ಎರಡು ತಿಂಗಳಲ್ಲಿ ಅದೇ ಕೊಲೊರಾಡೊವನ್ನು ಪ್ಲೇಆಫ್‌ನಲ್ಲಿ ಸೋಲಿಸಿ, 1955ರ ನಂತರ ಮೊದಲ ಸಲ ಸ್ಟ್ಯಾನ್ಲಿ ಕಪ್ ಎತ್ತಿತು. ಸಾಕ್ಷ್ಯ ಹಾಗೇ ಕಾಣುತ್ತದೆ. ಆದರೆ ಫೈನಲ್ ಹೇಗೆ ಗೆದ್ದರು ಎಂದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಎದುರಿಗಿದ್ದ ಫಿಲಡೆಲ್ಫಿಯಾದ ಎರಿಕ್ ಲಿಂಡ್ರೋಸ್ ಮತ್ತು ಅವನ ಇಬ್ಬರು ಸಂಗಡಿಗರು ಆಗಿನ ಲೀಗಿನ ದೈತ್ಯರು. ‘ಲೀಜನ್ ಆಫ್ ಡೂಮ್’ ಎಂದೇ ಹೆಸರು. ಆ ದೈತ್ಯರ ಎದುರಿಗೆ ಡೆಟ್ರಾಯ್ಟ್‌ನ ಕೋಚ್ ಸ್ಕಾಟಿ ಬೌಮನ್ ತಮ್ಮ ಅತಿ ಒರಟು ರಕ್ಷಣೆಗಾರ ವ್ಲಾಡಿಮಿರ್ ಕಾನ್‌ಸ್ಟಾಂಟಿನೊವ್‌ನನ್ನು ನಿಲ್ಲಿಸುತ್ತಾರೆ ಎಂದೇ ಎಲ್ಲರ ಎಣಿಕೆ. ಅವರು ನಿಲ್ಲಿಸಿದ್ದು ನಿಕ್ಲಾಸ್ ಲಿಡ್‌ಸ್ಟ್ರಮ್ ಮತ್ತು ಲ್ಯಾರಿ ಮರ್ಫಿಯನ್ನು. ಇಬ್ಬರೂ ಯಾರಿಗೂ ಡಿಕ್ಕಿ ಹೊಡೆಯುವ ಪೈಕಿಯಲ್ಲ. ಮೂಲೆಗೆ ಮೊದಲು ತಲುಪಿ, ತಲೆ ಎತ್ತಿ, ಪಕ್ ಅನ್ನು ಮೆತ್ತಗೆ ಪಾಸ್ ಮಾಡಿ ಹೊರಟುಹೋಗುತ್ತಿದ್ದರು. ಹಿಂದಿನಿಂದ ಬಂದ ದೈತ್ಯ ಬರೀ ಗೋಡೆಗೆ ಗುದ್ದುತ್ತಿದ್ದ. ಫಿಲಡೆಲ್ಫಿಯಾ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಹೆದರಿಸುವ ತಂಡಕ್ಕೆ ಆ ಅರ್ಧ ಸೆಕೆಂಡನ್ನು ಕೊಡದಿದ್ದರೆ ಅದರ ಬಲವೆಲ್ಲ ವ್ಯರ್ಥ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಪಾಠ ಈ ಆಟದಲ್ಲಿ ಸಿಗುವುದು ಕಷ್ಟ. ಮೆಕಾರ್ಟಿಯ ಪೋಸ್ಟರ್ ಗೋಡೆಗಂಟಿಸಿದ ಅಭಿಮಾನಿಗಳಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ. ಅವರ ಸಮಾಧಾನಕ್ಕೂ ಒಂದು ಸಂಗತಿ ಇದೆ: ಕಪ್ ಗೆಲ್ಲಿಸಿದ ಗೋಲು ಹೊಡೆದವನು ಮತ್ತೆ ಅದೇ ಮೆಕಾರ್ಟಿ. ಎದುರಾಳಿಯೊಬ್ಬನನ್ನು ಕೋಲಿನ ಚಳಕದಿಂದ ತಪ್ಪಿಸಿ ಹೊಡೆದ, ಬಲು ನಾಜೂಕಿನ ಗೋಲು.

ಹಗೆ ಅಲ್ಲಿಗೆ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಎರಡೂ ತಂಡ ಮತ್ತೆ ಎದುರಾದಾಗ, ಆಟ ಶುರುವಾಗಿ ಮೂರು ಸೆಕೆಂಡಿಗೆ ಲೆಮ್ಯೂ ತಾನೇ ಮೆಕಾರ್ಟಿಯ ಎದುರು ನಿಂತು ಗುದ್ದಾಡಿದ. ಆಮೆ ಎಂಬ ಹೆಸರು ತೊಳೆದುಕೊಳ್ಳಬೇಕಿತ್ತಲ್ಲ. 1998ರ ಏಪ್ರಿಲ್ 1ರಂದು ರುವಾ ಡೆಟ್ರಾಯ್ಟ್‌ನ ಇನ್ನೊಬ್ಬ ಗೋಲ್‌ಕೀಪರ್ ಕ್ರಿಸ್ ಆಸ್‌ಗುಡ್ ಜೊತೆ ಜಗಳವಾಡಿದ. 1996ರಿಂದ 2002ರವರೆಗಿನ ಏಳು ಕಪ್‌ಗಳಲ್ಲಿ ಐದು ಈ ಎರಡೇ ತಂಡಗಳ ಪಾಲಾದವು. ಆ ಕಾಲದ ಅತ್ಯುತ್ತಮ ಹಾಕಿ ಮತ್ತು ಅತಿ ಕೊಳಕು ಹಾಕಿ ಎರಡೂ ಒಂದೇ ಪಂದ್ಯದಲ್ಲಿ ಸಿಗುತ್ತಿದ್ದವು. ಕಾಲ ಕಳೆದ ಮೇಲೆ ಲೆಮ್ಯೂ ಮತ್ತು ಮೆಕಾರ್ಟಿ ಒಂದೇ ಮೇಜಿಗೆ ಕೂತು ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕಿಕೊಟ್ಟದ್ದೂ ಉಂಟು.

ಲೆಕ್ಕ ಚುಕ್ತಾ ಆದಾಗ ಹೀಗೆ ಚೆಂದವಾಗಿಯೇ ಕಾಣುತ್ತದೆ. 1997ರ ಆ ರಾತ್ರಿ ಜನರ ಮನಸ್ಸಿನಲ್ಲಿ ಸಿಹಿಯಾಗಿ ಉಳಿಯಲು ದೊಡ್ಡ ಕಾರಣ, ಲೆಮ್ಯೂ ಎದ್ದು ನಿಂತ ಎನ್ನುವುದು. ಹೊಲಿಗೆ ಹಾಕಿಸಿಕೊಂಡು ಮತ್ತೆ ಆಟಕ್ಕೆ ಬಂದ. ಮೊಣಕಾಲಿನ ಏಟು ಎರಡು ಅಂಗುಲ ಆಚೆ ಬಿದ್ದಿದ್ದರೆ ಡೆಟ್ರಾಯ್ಟ್ ಅದನ್ನು ನೆನೆಯುವ ರೀತಿಯೇ ಬೇರೆಯಾಗಿರುತ್ತಿತ್ತು. ಗುದ್ದುವುದನ್ನೇ ವೃತ್ತಿ ಮಾಡಿಕೊಂಡವರ ಪಾಡು ಗೊತ್ತೇ ಇದೆ. ಎಂಬತ್ತರ ದಶಕದಲ್ಲಿ ಡೆಟ್ರಾಯ್ಟ್‌ನಲ್ಲೇ ಕೋಸರ್‌ನ ಜೋಡಿಯಾಗಿದ್ದ ಬಾಬ್ ಪ್ರೋಬರ್ಟ್ 2010ರಲ್ಲಿ 45ನೆಯ ವಯಸ್ಸಿಗೆ ತೀರಿಕೊಂಡ. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದವರು ಅವನ ಮಿದುಳನ್ನು ಪರೀಕ್ಷಿಸಿದಾಗ ಸಿಟಿಇ, ಅಂದರೆ ತಲೆಗೆ ಮತ್ತೆ ಮತ್ತೆ ಏಟು ಬಿದ್ದವರಲ್ಲಿ ಕಾಣುವ ಮಿದುಳಿನ ಸವೆತ, ಪತ್ತೆಯಾಯಿತು. 2011ರ ಮೇನಲ್ಲಿ ತೀರಿಕೊಂಡ ಡೆರೆಕ್ ಬೂಗಾರ್ಡ್‌ನ ಮಿದುಳಿನಲ್ಲೂ ಅದೇ. ಅವನಿಗೆ 28.

ಈಗ 2004ಕ್ಕೆ ಬನ್ನಿ. ಮತ್ತೆ ಕೊಲೊರಾಡೊ ಇದೆ, ಎದುರಿಗೆ ಕೆನಡಾದ ವ್ಯಾಂಕೂವರ್ ಕನಕ್ಸ್. ವ್ಯಾಂಕೂವರ್‌ನ ಕೋಚ್ ಮಾರ್ಕ್ ಕ್ರಾಫರ್ಡ್. ಲೆಮ್ಯೂ ಡ್ರೇಪರ್‌ನನ್ನು ಗೋಡೆಗೆ ಬಡಿದಾಗ ಕೊಲೊರಾಡೊದ ಕೋಚ್ ಆಗಿದ್ದವರೂ ಇವರೇ. 1997ರ ಪ್ಲೇಆಫ್‌ನಲ್ಲಿ ಬೆಂಚುಗಳ ನಡುವಿನ ಗಾಜು ಹತ್ತಿ ಬೌಮನ್‌ಗೆ ಬೈದು ದಂಡ ತೆತ್ತವರು. ಫೆಬ್ರುವರಿ 16ರಂದು ಕೊಲೊರಾಡೊದ ಸ್ಟೀವ್ ಮೂರ್, ಹಾರ್ವರ್ಡ್‌ನಲ್ಲಿ ಓದಿ ಬಂದ ಹುಡುಗ, ವ್ಯಾಂಕೂವರ್‌ನ ನಾಯಕ ಮಾರ್ಕಸ್ ನ್ಯಾಸ್ಲಂಡ್‌ಗೆ ಡಿಕ್ಕಿ ಹೊಡೆದ. ನ್ಯಾಸ್ಲಂಡ್ ತಲೆಗೆ ಪೆಟ್ಟಾಗಿ ಕೆಲವು ಪಂದ್ಯ ಹೊರಗುಳಿದ. ರೆಫರಿ ಪೆನಾಲ್ಟಿ ಕೊಡಲಿಲ್ಲ, ಲೀಗ್ ಕೂಡ ತಪ್ಪೇನಿಲ್ಲ ಎಂದಿತು. ಮತ್ತೆ ಅದೇ ಬಾಕಿ. ಮಾರ್ಚ್ 3ರ ಪಂದ್ಯಕ್ಕೆ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಖುದ್ದು ಬಂದು ಕೂತಿದ್ದರು, ಎಲ್ಲರೂ ಸಭ್ಯರಾಗಿದ್ದರು. ಮಾರ್ಚ್ 8ರಂದು ವ್ಯಾಂಕೂವರ್‌ನಲ್ಲಿ ಅವರಿರಲಿಲ್ಲ.

ಆ ರಾತ್ರಿ ಮೊದಲ ಅವಧಿಯಲ್ಲೇ ವ್ಯಾಂಕೂವರ್‌ನ ಮ್ಯಾಟ್ ಕುಕ್ ಕರೆದಾಗ ಮೂರ್ ಗ್ಲೌಸ್ ಬಿಚ್ಚಿ ಗುದ್ದಾಡಿದ. ಬರೆಯದ ಕಾನೂನಿನ ಪ್ರಕಾರ ಅಲ್ಲಿಗೆ ಋಣ ತೀರಬೇಕಿತ್ತು. ಕಾಗದದ ಮೇಲಿಲ್ಲದ ಲೆಕ್ಕದ ತೊಂದರೆಯೇ ಇದು, ತೀರಿತು ಎಂದು ಹೇಳುವವರು ಯಾರೂ ಇರುವುದಿಲ್ಲ. ಮೂರನೆಯ ಅವಧಿಯಲ್ಲಿ ವ್ಯಾಂಕೂವರ್ 8-2ರಿಂದ ಸೋಲುತ್ತಿದ್ದಾಗ ಆ ತಂಡದ ಟಾಡ್ ಬರ್ಟೂಝಿ ಮೂರ್‌ನ ಬೆನ್ನು ಹತ್ತಿದ, ಜರ್ಸಿ ಹಿಡಿದು ಎಳೆದ, ಮೂರ್ ತಿರುಗಿ ನೋಡದೆ ಮುಂದೆ ಹೋದಾಗ ಹಿಂದಿನಿಂದ ತಲೆಗೆ ಗುದ್ದಿ ಅವನ ಮೇಲೇ ಬಿದ್ದ. ಇತರರು ರಾಶಿ ಬಿದ್ದರು. ಮೂರ್‌ನ ಕತ್ತಿನ ಮೂರು ಮೂಳೆಗಳು ಮುರಿದವು. ಅವನಿಗಾಗ 25, ಮತ್ತೆಂದೂ ವೃತ್ತಿಪರ ಹಾಕಿ ಆಡಲಿಲ್ಲ. ಬರ್ಟೂಝಿ ಹಲ್ಲೆಯ ಅಪರಾಧ ಒಪ್ಪಿಕೊಂಡ, ಜೈಲಿಗೆ ಹೋಗಲಿಲ್ಲ. 2005ರ ಆಗಸ್ಟ್‌ನಲ್ಲಿ ನಿಷೇಧ ತೆರವಾಗಿ ಮತ್ತೆ ಆಟಕ್ಕೆ ಬಂದ, ಮುಂದೆ ಹಲವು ವರ್ಷ ಆಡಿದ್ದು ಡೆಟ್ರಾಯ್ಟ್‌ಗೆ. ಮ್ಯಾಟ್ ಕುಕ್ ಕೂಡ ಮತ್ತೆ ಸುದ್ದಿಯಾದ. 2010ರಲ್ಲಿ ಅವನು ಬಾಸ್ಟನ್‌ನ ಮಾರ್ಕ್ ಸವಾರ್ಡ್‌ನ ತಲೆಗೆ ಕೊಟ್ಟ ಏಟಿಗೆ ಶಿಕ್ಷೆ ಕೊಡಲು ನಿಯಮವೇ ಇಲ್ಲವೆಂದು ಲೀಗ್ ಕೈಚೆಲ್ಲಿತು. ಆ ಗದ್ದಲದ ಫಲವಾಗಿಯೇ, ಪಕ್ಕದಿಂದ ಬಂದು ತಲೆಗೆ ಗುರಿಯಿಡುವುದನ್ನು ತಡೆಯುವ ನಿಯಮ ಅದೇ ವರ್ಷ ಜಾರಿಗೆ ಬಂತು.

ಹೊಡೆದಾಟಗಳು ಈಗ ಕಡಿಮೆಯಾಗಿವೆ. ಗುದ್ದುವುದಕ್ಕಷ್ಟೇ ಒಬ್ಬನನ್ನು ಸಾಕುವ ತಂಡಗಳು ವಿರಳ. ವೇಗ ಹೆಚ್ಚಿದೆ, ನಿಧಾನದ ಜಟ್ಟಿಗೆ ಜಾಗವಿಲ್ಲ. ಕ್ವಿಬೆಕ್‌ನ ಜೂನಿಯರ್ ಲೀಗ್ ಹೊಡೆದಾಡಿದವನನ್ನು ಪಂದ್ಯದಿಂದಲೇ ಹೊರಹಾಕುವ ನಿಯಮ ತಂದಿದೆ. ಹಾಗೆಂದು ಜನರ ಹಸಿವು ಇಂಗಿದೆ ಎನ್ನುವಂತಿಲ್ಲ. 2025ರ ಫೆಬ್ರುವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾ ಮತ್ತು ಅಮೆರಿಕ ಎದುರಾದಾಗ ಮೊದಲ ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ ನಡೆದವು. ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿತು.

ಮೂರ್ ಹೂಡಿದ ಪರಿಹಾರದ ದಾವೆ ವರ್ಷಗಟ್ಟಲೆ ಎಳೆಯಿತು. ಕೇಳಿದ ಮೊತ್ತ 6.8 ಕೋಟಿ ಕೆನಡಿಯನ್ ಡಾಲರ್‌ವರೆಗೆ ಏರಿತ್ತು. ವಿಚಾರಣೆಗೆ ಮುಂಚಿನ ಹೇಳಿಕೆಗಳಲ್ಲಿ ಬರ್ಟೂಝಿ, ಮೂರ್ ಇದಕ್ಕೆ ಬೆಲೆ ತೆರಬೇಕು ಎಂದು ಕೋಚ್ ಕ್ರಾಫರ್ಡ್ ಆಟಗಾರರ ಕೋಣೆಯಲ್ಲಿ ಹೇಳಿದ್ದರು ಎಂದ. ಕ್ರಾಫರ್ಡ್ ಅಲ್ಲಗಳೆದರು. ಯಾರ ಮಾತು ನಿಜ ಎಂದು ನ್ಯಾಯಾಲಯ ಕೇಳುವ ದಿನ ಹತ್ತಿರವಾದಾಗ, 2014ರ ಆಗಸ್ಟ್‌ನಲ್ಲಿ, ಎರಡೂ ಕಡೆಯವರು ರಾಜಿಯಾದರು. ಎಷ್ಟಕ್ಕೆ ರಾಜಿಯಾಯಿತು ಎನ್ನುವುದನ್ನು ಬಹಿರಂಗಪಡಿಸಲಿಲ್ಲ.